ಕಿವಿ ಕೇಳದ, ಕಣ್ಣು ಕಾಣದ ಮಕ್ಕಳು: ಅಪ್ಪ ಅಮ್ಮ, ಮೇಷ್ಟ್ರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಆಚೆ ಕಡೆ ಶ್ರೀನಿವಾಸಪುರ, ಮುಳಬಾಗಿಲು. ಈ ಭಾಗದ ಯಾವ ಊರಿಗೆ ಹೋದರೂ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳು ಬರುತ್ತವೆ. ಕೆಲವಕ್ಕೆ ಒಂದೇ ಸಾಲಿನ ಉತ್ತರ ಸಾಕು. ಕೆಲವಕ್ಕೆ ಕೂತು ಮಾತಾಡಬೇಕು.

ಮಗುಗೆ ಎರಡು ವರ್ಷ ಆಯ್ತು, ಇನ್ನೂ ಮಾತು ಬಂದಿಲ್ಲ. ಅವರಪ್ಪನಿಗೂ ಲೇಟಾಗೇ ಬಂದಿದ್ದಂತೆ. ಇನ್ನೊಂದು ವರ್ಷ ನೋಡೋಣವಾ?

ಬೇಡ. ಈ ವಾರವೇ ಕಿವಿ ಪರೀಕ್ಷೆ ಮಾಡಿಸಿ. ಅಪ್ಪನಿಗೆ ಯಾವಾಗ ಮಾತು ಬಂತು ಅನ್ನುವುದರಿಂದ ಮಗುವಿನ ಕಿವಿ ಹೇಗಿದೆ ಅಂತ ಗೊತ್ತಾಗುವುದಿಲ್ಲ. ಕಿವಿ ಕೇಳದ ಮಗುವೂ ಮೊದಲ ಕೆಲವು ತಿಂಗಳು ಎಲ್ಲ ಮಕ್ಕಳಂತೆ 'ಊ', 'ಆ' ಅಂತ ಸದ್ದು ಮಾಡುತ್ತದೆ, ನಗುತ್ತದೆ, ಬಾಗಿಲು ದಡಾರ್ ಅಂದರೆ ತಿರುಗಿಯೂ ನೋಡುತ್ತದೆ, ಯಾಕಂದರೆ ನೆಲ ಅದುರಿದ್ದು ಅದಕ್ಕೆ ಗೊತ್ತಾಗುತ್ತದೆ. ಹಾಗಾಗಿ ಬೆನ್ನ ಹಿಂದೆ ತಟ್ಟೆ ಬಡಿದು ನೋಡುವ ಅಜ್ಜಿಯ ಪರೀಕ್ಷೆಯನ್ನು ನಂಬಿ ಕೂರಬೇಡಿ. ವೈದ್ಯರು ಇಟ್ಟುಕೊಳ್ಳುವ ಲೆಕ್ಕ 1-3-6. ಹುಟ್ಟಿದ 1 ತಿಂಗಳೊಳಗೆ ಮೊದಲ ತಪಾಸಣೆ, 3 ತಿಂಗಳೊಳಗೆ ತೊಂದರೆ ಇದೆಯೋ ಇಲ್ಲವೋ ಅನ್ನುವ ಖಚಿತ ಉತ್ತರ, 6 ತಿಂಗಳೊಳಗೆ ಕಿವಿಗೆ ಹಾಕುವ ಮಷೀನೋ ತರಬೇತಿಯೋ ಶುರು. ನಮ್ಮ ಕಡೆ ಎಷ್ಟೋ ಮಕ್ಕಳು ಒಂದನೇ ಕ್ಲಾಸಿಗೆ ಸೇರಿದ ಮೇಲೆ ಗೊತ್ತಾಗುತ್ತಾರೆ. ಅಷ್ಟು ಹೊತ್ತಿಗೆ ಭಾಷೆ ಕಲಿಯುವ ಒಳ್ಳೆಯ ವಯಸ್ಸು ಹೋಗಿಬಿಟ್ಟಿರುತ್ತದೆ. ಇಡೀ ವಿಷಯದಲ್ಲಿ ನಿಜವಾದ ನಷ್ಟ ಅದೇ.

ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಮಾತು ಬರುತ್ತಂತೆ, ಹೌದಾ?

ಆ ದಾರದಿಂದ ಕೆಲವು ಅಕ್ಷರ ತೊದಲಬಹುದು. ಮಾತೇ ಬರದೆ ಇರುವುದಕ್ಕೆ ಅದು ಕಾರಣ ಅಲ್ಲ. ಮೊದಲು ಕಿವಿ ನೋಡಿಸಿ.

ಪರೀಕ್ಷೆ ಎಲ್ಲಿ ಮಾಡಿಸೋದು? ಬೆಂಗಳೂರಿಗೇ ಹೋಗಬೇಕಾ?

ಮೊದಲು ನಿಮ್ಮ ಅಂಗನವಾಡಿ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಒಂದಿದೆ. ಅದರ ಡಾಕ್ಟರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು 18 ವರ್ಷದವರೆಗಿನ ಮಕ್ಕಳನ್ನು ನೋಡಬೇಕು. ಅವರು ಚೀಟಿ ಬರೆದುಕೊಟ್ಟರೆ ಜಿಲ್ಲಾ ಆಸ್ಪತ್ರೆಯಲ್ಲಿ ಮುಂದಿನ ಪರೀಕ್ಷೆ. ಅವರು ಬರುವ ದಿನ ನಿಮ್ಮ ಮಗು ರಜಾ ಹಾಕಿ ನೆಂಟರ ಮನೆಗೆ ಹೋಗಿದ್ದರೆ ಮತ್ತೆ ಆರು ತಿಂಗಳು ಹೋಯಿತು ಅಂತಲೇ ಲೆಕ್ಕ, ಆದ್ದರಿಂದ ಕಾಯದೆ ನೀವೇ ಆಸ್ಪತ್ರೆಗೆ ಹೋದರೂ ತಪ್ಪಿಲ್ಲ.

ಚಿಕ್ಕ ಮಗು 'ಕೇಳಿಸಿತು' ಅಂತ ಕೈ ಎತ್ತುವುದಿಲ್ಲ. ಅದಕ್ಕೆ ಓಎಇ, ಬೆರಾ ಅಂತ ಎರಡು ಪರೀಕ್ಷೆ ಇವೆ. ಬೆರಾ ಮಾಡುವಾಗ ಮಗು ನಿದ್ದೆಯಲ್ಲಿರಬೇಕು. ಹಾಗಾಗಿ ಬಸ್ಸಿನಲ್ಲಿ ಮಲಗಿಸಿಕೊಂಡು ಹೋಗಬೇಡಿ, ಅಲ್ಲಿ ಹೋದ ಮೇಲೆ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂರುತ್ತದೆ, ವಾಪಸ್ ಬರುವ ಹಾಗಾಗುತ್ತದೆ. ಇಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ್ದು, 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ದೂರ ನಿಜ, ಆದರೆ ಕಿವಿ, ಮಾತು, ಮಷೀನು, ತರಬೇತಿ ಎಲ್ಲ ಒಂದೇ ಕಡೆ ಆಗುತ್ತದೆ.

ಕಿವಿ ಮಷೀನು ಕೊಟ್ಟಿದ್ದಾರೆ, ಮಗು ಕಿತ್ತು ಬಿಸಾಕುತ್ತೆ. ಹಾಕಿದರೆ ಕುಯ್ಯೋ ಅನ್ನುತ್ತೆ. ಏನು ಮಾಡೋದು?

ಕುಯ್ಯೋ ಅನ್ನುವುದು ಸಾಮಾನ್ಯವಾಗಿ ಅಚ್ಚು ಸಡಿಲ ಆಗಿದೆ ಅಂತ ಅರ್ಥ. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತದೆ, ಕಿವಿಯೊಳಗೆ ಕೂರುವ ಮೆತ್ತನೆಯ ಅಚ್ಚನ್ನು ಹೊಸದಾಗಿ ಮಾಡಿಸಬೇಕು. ಚಿಕ್ಕ ಮಕ್ಕಳಿಗೆ ಇದು ಮತ್ತೆ ಮತ್ತೆ ಬರುವ ಖರ್ಚು. ಗುಗ್ಗೆ ತುಂಬಿದ್ದರೂ ಹಾಗೇ ಕೂಗುತ್ತದೆ. ಬ್ಯಾಟರಿಯ ಸ್ಟಿಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿ, ಅದು ಗಾಳಿ ಎಳೆದುಕೊಂಡು ಕೆಲಸ ಮಾಡುವ ಬ್ಯಾಟರಿ. ರಾತ್ರಿ ಮಷೀನನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಬೀರುವಿನೊಳಗೆ ಸೀರೆ ಮಡಿಕೆಯಲ್ಲಿ 'ಜೋಪಾನವಾಗಿ' ಇಟ್ಟ ಮಷೀನುಗಳನ್ನು ಎಷ್ಟು ನೋಡಿದ್ದೇನೋ! ಅದು ಒಡವೆ ಅಲ್ಲ, ಮಗು ಎದ್ದಿರುವಷ್ಟು ಹೊತ್ತೂ ಕಿವಿಯಲ್ಲಿರಬೇಕು.

ಶಿಡ್ಲಘಟ್ಟದಲ್ಲಿ ರೀಲಿಂಗ್, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕೆಲಸ, ನಡೆಯುವ ಮನೆಗಳಿವೆ. ಮಷೀನು ಮಾತನ್ನಷ್ಟೇ ಅಲ್ಲ, ಆ ಗದ್ದಲವನ್ನೂ ಜೋರು ಮಾಡುತ್ತದೆ. ಅಂಥ ಕಡೆ ಮಗು ಕಿತ್ತು ಹಾಕಿದರೆ ಅದರ ತಪ್ಪಲ್ಲ. ಮೊದಲು ಸದ್ದಿಲ್ಲದ ಕೋಣೆಯಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ರೂಢಿ ಮಾಡಿಸಿ, ಒಂದೆರಡು ಅಡಿ ದೂರದಲ್ಲಿ ಕೂತು ಮಾತಾಡಿ.

ಬೆಳಗ್ಗೆ ಶಾಲೆಗೆ ಕಳಿಸುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ಬಾಯಿ ಕಾಣದ ಹಾಗೆ ಒಂದು ರಟ್ಟು ಅಡ್ಡ ಹಿಡಿದು ಆರು ಸದ್ದು ಹೇಳಿ: ಆ, ಈ, ಊ, ಮ್, ಶ್, ಸ್. ಕೇಳಿಸಿದಾಗೆಲ್ಲ ಮಗು ಒಂದು ಹುಣಸೆಬೀಜ ಡಬ್ಬಿಗೆ ಹಾಕಲಿ. ದಿನಾ ಆರು ಹಾಕುತ್ತಿದ್ದ ಮಗು ಇವತ್ತು ನಾಲ್ಕೇ ಹಾಕಿತು ಅಂದರೆ ಬ್ಯಾಟರಿ ಮುಗಿದಿರಬಹುದು, ಇಲ್ಲಾ ಕಿವಿಯಲ್ಲಿ ಸೋಂಕು ಆಗಿರಬಹುದು. ಮಗುವಿಗೆ ಅದನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ, ಈ ಬೀಜಗಳೇ ಹೇಳುತ್ತವೆ.

ಕೈಸನ್ನೆ ಕಲಿಸಿದರೆ ಮಾತು ಕಲಿಯಲ್ಲ ಅಂತಾರೆ?

ಇದು ಹಳೆಯ ಜಗಳ, ಡಾಕ್ಟರುಗಳಲ್ಲೂ ಇದೆ, ಶಾಲೆಗಳಲ್ಲೂ ಇದೆ. ನನ್ನ ಅಭಿಪ್ರಾಯ ನೇರ. ಮಗುವಿಗೆ ಒಂದು ಭಾಷೆ ಬೇಕು, ಅದೂ ಈಗಲೇ ಬೇಕು. ಮಷೀನು ಹಾಕಿ ಮಾತು ಚೆನ್ನಾಗಿ ಬರುತ್ತಿದ್ದರೆ ಸಂತೋಷ. ಬರುತ್ತಿಲ್ಲ ಅಂದರೆ ಎಂಟು ವರ್ಷ ಮಾತಿಗಾಗಿ ಕಾದು ಕೂತು, ಸನ್ನೆಯನ್ನೂ ಕಲಿಸದೆ, ಮಗುವನ್ನು ಯಾವ ಭಾಷೆಯೂ ಇಲ್ಲದೆ ಬೆಳೆಸುವುದಿದೆಯಲ್ಲ, ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಸನ್ನೆ ಕಲಿತರೆ ನಾಲಿಗೆ ಸೋಮಾರಿ ಆಗುತ್ತದೆ ಅನ್ನುವುದು ಸುಮ್ನೆ ಭಯ.

ಇನ್ನೊಂದು ವಿಷಯ. ಭಾರತೀಯ ಸಂಕೇತ ಭಾಷೆ ಅಂದರೆ ಕನ್ನಡವನ್ನು ಕೈಯಲ್ಲಿ ಮಾಡಿ ತೋರಿಸುವುದಲ್ಲ. ಅದಕ್ಕೆ ಅದರದ್ದೇ ವ್ಯಾಕರಣ ಇದೆ. ಮನೆಯವರು ಮಾಡಿಕೊಂಡ 'ಊಟ', 'ಬಾ', 'ಹೋಗು' ಸನ್ನೆಗಳು ಒಳ್ಳೆಯವೇ, ಆದರೆ ಅಷ್ಟರಲ್ಲೇ ನಿಂತರೆ ನಿನ್ನೆ ನಡೆದದ್ದು, ನಾಳೆ ಆಗುವುದು, ಯಾಕೆ, ಹೇಗೆ ಇದನ್ನೆಲ್ಲ ಮಗು ಕೇಳಲು ಆಗುವುದಿಲ್ಲ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಕೇತ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ವೀಡಿಯೋ ನಿಘಂಟು ಮಾಡಿದೆ, ಮೊಬೈಲಿನಲ್ಲಿ ಉಚಿತವಾಗಿ ನೋಡಬಹುದು. ಅಮ್ಮ ಒಬ್ಬಳೇ ಕಲಿತರೆ ಸಾಲದು. ಅಪ್ಪ, ಅಣ್ಣ ತಂಗಿ, ಪಕ್ಕದ ಮನೆ ಹುಡುಗರೂ ಕಲಿಯಲಿ. ಹುಡುಗರು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ನಮ್ಮನೇಲಿ ತೆಲುಗು, ಶಾಲೇಲಿ ಕನ್ನಡ. ಮಷೀನು ಹಾಕಿದ ಮಗು ಹತ್ರ ಯಾವುದರಲ್ಲಿ ಮಾತಾಡೋದು?

ಬಾಗೇಪಲ್ಲಿ, ಗೌರಿಬಿದನೂರು, ಮುಳಬಾಗಿಲು, ಪಾವಗಡ ಕಡೆಯವರೆಲ್ಲ ಕೇಳುವ ಪ್ರಶ್ನೆ ಇದು, ಕೆಜಿಎಫ್ ಕಡೆಯಾದರೆ ತಮಿಳು. ಮನೆಯಲ್ಲಿ ನಿಮ್ಮ ಭಾಷೆಯಲ್ಲೇ ಮಾತಾಡಿ. ಬಾರದ ಕನ್ನಡದಲ್ಲಿ ಮೂರು ಪದ ತಡವರಿಸುವ ಬದಲು ಬರುವ ತೆಲುಗಿನಲ್ಲಿ ಮುನ್ನೂರು ಪದ ಆಡಿ, ಬೈಯಿರಿ, ಹಾಡಿ, ಕತೆ ಹೇಳಿ. ಒಂದು ಭಾಷೆ ಗಟ್ಟಿಯಾಗಿ ಬಂದ ಮಗು ಎರಡನೆಯದನ್ನೂ ಕಲಿಯುತ್ತದೆ.

ಆಪರೇಷನ್ ಮಾಡಿಸಿದರೆ ಪೂರ್ತಿ ಕೇಳಿಸುತ್ತಾ?

ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಯಂತ್ರದ ಬಗ್ಗೆ ಕೇಳುತ್ತಿದ್ದೀರಿ. ಮಷೀನಿನಿಂದ ಪ್ರಯೋಜನ ಆಗದ ತೀರಾ ಜಾಸ್ತಿ ಕಿವುಡು ಇರುವ ಮಕ್ಕಳಿಗೆ ಅದು, ಎಲ್ಲರಿಗೂ ಅಲ್ಲ. ಆಪರೇಷನ್ ಆದ ಮರುದಿನ ಮಗು ಮಾತಾಡುವುದಿಲ್ಲ. ಗಾಯ ಮಾಗಿದ ಮೇಲೆ ಹೊರಗಿನ ಯಂತ್ರ ಆನ್ ಮಾಡುತ್ತಾರೆ. ಆಮೇಲೆ ವರ್ಷಗಟ್ಟಲೆ ಕೇಳಿಸಿಕೊಳ್ಳುವ, ಮಾತಾಡುವ ತರಬೇತಿ. ವಾರ ವಾರ ತರಬೇತಿಗೆ ಕರೆದುಕೊಂಡು ಹೋಗುವವರು ಯಾರು, ಕೂಲಿ ಬಿಟ್ಟರೆ ಮನೆ ಹೇಗೆ ನಡೆಯುತ್ತದೆ, ಇದನ್ನು ಆಪರೇಷನ್‌ಗೆ ಮುಂಚೆಯೇ ಮಾತಾಡಿಕೊಳ್ಳಿ. ಐದು ವರ್ಷದೊಳಗೆ ಮಾಡಿಸಿದರೆ ಫಲ ಜಾಸ್ತಿ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲೂ ರಾಜ್ಯದ ಶ್ರವಣ ಸಂಜೀವಿನಿಯಲ್ಲೂ ಚಿಕ್ಕ ಮಕ್ಕಳಿಗೆ ಉಚಿತವಾಗಿ ಆಗುತ್ತದೆ. ಮುಂದೆ ಯಂತ್ರ ಕೆಟ್ಟರೆ, ವೈರ್ ಹೋದರೆ ಯಾರು ಕೊಡುತ್ತಾರೆ, ಎಷ್ಟು ವರ್ಷ ಕೊಡುತ್ತಾರೆ ಅಂತ ಕೇಳಿ ಬರೆಸಿಕೊಳ್ಳಿ.

ನಾನು ನಲಿ-ಕಲಿ ಟೀಚರು. ಮಷೀನು ಹಾಕಿದ ಹುಡುಗಿ ಇದ್ದಾಳೆ. ಮುಂದೆ ಕೂರಿಸಿದ್ದೀನಿ. ಇನ್ನೇನು ಮಾಡಲಿ?

ಮುಂದೆ ಕೂರಿಸಿದ್ದು ಒಳ್ಳೆಯದು. ಆದರೆ ನಲಿ-ಕಲಿಯಲ್ಲಿ 'ಮುಂದೆ' ಅನ್ನುವುದೇ ಇಲ್ಲ, ಅಲ್ವಾ? ಒಂದು, ಎರಡು, ಮೂರನೇ ಕ್ಲಾಸಿನವರು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಚಾಪೆ ಮೇಲೆ ಕೂತಿರುತ್ತಾರೆ, ಎಲ್ಲರೂ ಕಾರ್ಡು ಹಿಡಿದು ಒಟ್ಟಿಗೆ ಓದುತ್ತಿರುತ್ತಾರೆ, ನೀವು ಗುಂಪಿಂದ ಗುಂಪಿಗೆ ಹೋಗುತ್ತಿರುತ್ತೀರಿ. ಕಿವಿ ಸರಿ ಇರುವ ಮಕ್ಕಳಿಗೆ ಅದು ಹಬ್ಬ. ಮಷೀನು ಹಾಕಿದ ಮಗುವಿಗೆ ಸಂತೆ. ಅವಳನ್ನು ಗೋಡೆಯ ಪಕ್ಕ, ಕಿಟಕಿ ರಸ್ತೆಗಳಿಂದ ದೂರದ ಮೂಲೆಯ ಗುಂಪಿನಲ್ಲಿ ಕೂರಿಸಿ. ನೀವು ಅವಳ ಜೊತೆ ಮಾತಾಡುವಾಗ ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ನಿಲ್ಲಿ. ಕಿಟಕಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ತುಟಿ ಅವಳಿಗೆ ಬರೀ ಕಪ್ಪು. ಬೋರ್ಡಿಗೆ ಮುಖ ಮಾಡಿ ಬರೆಯುತ್ತಾ ಪಾಠ ಹೇಳಬೇಡಿ, ಬರೆದು ಮುಗಿಸಿ ತಿರುಗಿ ಹೇಳಿ. ಕಿರುಚುವುದೂ ಬೇಡ. ಕಿರುಚಿದಾಗ ಬಾಯಿಯ ಆಕಾರವೇ ಕೆಡುತ್ತದೆ.

ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾಳೆ ಅಂತಲೂ ಅಂದುಕೊಳ್ಳಬೇಡಿ. ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ ಮರ, ಬರ, ಪರ ಅಂತ ಹೇಳಿ ನೋಡಿ. ಮೂರೂ ಒಂದೇ. 'ಮರ' ಅಂದಾಗ ಚಿತ್ರವನ್ನೋ ಕಿಟಕಿಯಾಚೆಯ ಹೊಂಗೆ ಮರವನ್ನೋ ತೋರಿಸಿದರೆ ಮಾತ್ರ ಅವಳಿಗೆ ಸಿಗುತ್ತದೆ. ಉಕ್ತಲೇಖನ ಕೊಟ್ಟು ಸೊನ್ನೆ ಹಾಕುವುದಂತೂ ದಯವಿಟ್ಟು ಬೇಡ. ಅದರಲ್ಲಿ ಪರೀಕ್ಷೆ ಆಗುವುದು ಕಿವಿ, ಕಾಗುಣಿತ ಅಲ್ಲ.

'ಗೊತ್ತಾಯ್ತಾ?' ಅಂತ ಕೇಳಿದರೆ ಅವಳು ತಲೆ ಆಡಿಸುತ್ತಾಳೆ. ಎಲ್ಲ ಮಕ್ಕಳೂ ಆಡಿಸುತ್ತಾರೆ ಬಿಡಿ. 'ಈಗ ಏನು ಮಾಡಬೇಕು, ಮಾಡಿ ತೋರಿಸು' ಅನ್ನಿ. ಶೀಟಿನ ಮೇಲೆ ಮಳೆ ಹೊಯ್ಯುವಾಗ ಬಾಯಿಪಾಠ ನಿಲ್ಲಿಸಿ ಚಿತ್ರ, ಬರವಣಿಗೆ ಮಾಡಿಸಿ.

ಕಣ್ಣಿನ ತೊಂದರೆ ಮನೆಯಲ್ಲಿ ಹೇಗೆ ಗೊತ್ತಾಗುತ್ತೆ?

ಎರಡು ಮೂರು ತಿಂಗಳ ಮಗು ಅಮ್ಮನ ಮುಖ ನೋಡುತ್ತಿಲ್ಲ, ಕಣ್ಣುಗುಡ್ಡೆ ಅತ್ತಿತ್ತ ಅಲ್ಲಾಡುತ್ತಲೇ ಇರುತ್ತದೆ, ಯಾವಾಗಲೂ ಕಣ್ಣನ್ನು ಬೆರಳಿಂದ ಒತ್ತಿಕೊಳ್ಳುತ್ತದೆ ಅಂದರೆ ತೋರಿಸಿ. ಕಣ್ಣಿನ ಕಪ್ಪಿನ ನಡುವೆ ಬೆಳ್ಳಗೆ ಕಂಡರೆ, ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಬೆಳ್ಳಗೆ ಹೊಳೆದರೆ ಅವತ್ತೇ ಹೊರಡಿ. ಅದು ಹುಟ್ಟಿನಿಂದ ಬಂದ ಪೊರೆ ಇರಬಹುದು, ಬೇಗ ತೆಗೆಸದಿದ್ದರೆ ಆಮೇಲೆ ತೆಗೆಸಿದರೂ ದೃಷ್ಟಿ ಪೂರ್ತಿ ಬರುವುದಿಲ್ಲ. ಕಣ್ಣಿನೊಳಗಿನ ಗಡ್ಡೆಯೂ ಇರಬಹುದು, ಆಗ ಜೀವದ ಪ್ರಶ್ನೆ. ದೇವಸ್ಥಾನಕ್ಕೆ ಬೆಳ್ಳಿ ಕಣ್ಣಿನ ಹರಕೆ ಹೊತ್ತುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ, ಆಸ್ಪತ್ರೆಗೆ ಹೋಗಿ ಬಂದು ಹೊತ್ತುಕೊಳ್ಳಿ. ಕಣ್ಣಿಗೆ ಎದೆಹಾಲು, ಹರಳೆಣ್ಣೆ ಬಿಡುವುದು ಮಾತ್ರ ಖಂಡಿತ ಬೇಡ.

ತಿಂಗಳು ತುಂಬುವ ಮುಂಚೆ, 34 ವಾರದೊಳಗೆ ಹುಟ್ಟಿದ ಮಗು, ಇಲ್ಲವೇ 2 ಕೆಜಿಗಿಂತ ಕಮ್ಮಿ ತೂಕದ ಮಗು ಆದರೆ ಹುಟ್ಟಿದ 30 ದಿನದೊಳಗೆ ಕಣ್ಣಿನ ಪರದೆ ಪರೀಕ್ಷೆ ಆಗಲೇಬೇಕು. ಹೊರಗಿಂದ ಕಣ್ಣು ಚೆನ್ನಾಗೇ ಕಾಣುತ್ತದೆ, ಒಳಗೆ ಪರದೆ ಹಾಳಾಗುತ್ತಿರುತ್ತದೆ. ನಮ್ಮ ರಾಜ್ಯದಲ್ಲಿ 2008ರಿಂದ ಕಿಡ್‌ರಾಪ್ ಅನ್ನುವ ಕಾರ್ಯಕ್ರಮದಲ್ಲಿ ತಂಡಗಳು ಕ್ಯಾಮೆರಾ ಹಿಡಿದು ಜಿಲ್ಲೆಗಳ ಆಸ್ಪತ್ರೆಗೇ ಹೋಗಿ ಇಂಥ ಕೂಸುಗಳ ಕಣ್ಣಿನ ಚಿತ್ರ ತೆಗೆಯುತ್ತವೆ. ಡಿಸ್ಚಾರ್ಜ್ ಆಗುವಾಗ 'ಕಣ್ಣಿನ ಪರೀಕ್ಷೆ ಯಾವತ್ತು?' ಅಂತ ನೀವೇ ಬಾಯಿಬಿಟ್ಟು ಕೇಳಿ.

ಪುಸ್ತಕ ಮೂಗಿಗೆ ತಾಗಿಸಿಕೊಂಡು ಓದ್ತಾನೆ. ಇರೋ ಕಣ್ಣೂ ಹೋಗುತ್ತಾ?

ಹೋಗುವುದಿಲ್ಲ. ಹತ್ತಿರ ಹಿಡಿದಷ್ಟೂ ಅಕ್ಷರ ದೊಡ್ಡದಾಗಿ ಕಾಣುತ್ತದೆ, ಅದಕ್ಕೇ ಹಿಡಿಯುತ್ತಾನೆ. ಬೈಯಬೇಡಿ. ಮೊದಲು ಕನ್ನಡಕ ಬೇಕಾ ಅಂತ ನೋಡಿಸಿ. ಕನ್ನಡಕ ಹಾಕಿದ ಮೇಲೂ ಸರಿಯಾಗಿ ಕಾಣದಿದ್ದರೆ ಅದು ಮಂದದೃಷ್ಟಿ. ಬೆನ್ನು ಬಗ್ಗದ ಹಾಗೆ ಪುಸ್ತಕವನ್ನು ಇಳಿಜಾರು ಹಲಗೆ ಮೇಲಿಡಿ, ದಪ್ಪ ಕಪ್ಪು ಪೆನ್ನಲ್ಲಿ ಬರೆದುಕೊಡಿ, ಬೋರ್ಡನ್ನು ಎದ್ದು ಹತ್ತಿರ ಹೋಗಿ ನೋಡಲು ಬಿಡಿ. ಬೋರ್ಡಿಗೆ ವರ್ಷಕ್ಕೊಮ್ಮೆಯಾದರೂ ಕಪ್ಪು ಬಳಿಸಿ. ಬೂದಿ ಬಣ್ಣಕ್ಕೆ ತಿರುಗಿದ ಬೋರ್ಡಿನ ಮೇಲಿನ ಸೀಮೆಸುಣ್ಣ ಎಂಥವರಿಗೂ ಕಾಣುವುದಿಲ್ಲ. ಕೂದಲು, ಚರ್ಮ ಬೆಳ್ಳಗಿರುವ ಮಕ್ಕಳಿಗೆ ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಕ್ಲಾಸಿನಲ್ಲೂ ಟೋಪಿ ಹಾಕಿಕೊಳ್ಳಲಿ, ಅದು ಅಶಿಸ್ತು ಅಲ್ಲ.

ಮೊಬೈಲೇ ಓದಿ ಹೇಳುತ್ತಲ್ಲ, ಬೆರಳಲ್ಲಿ ಮುಟ್ಟಿ ಓದುವ ಬ್ರೈಲ್ ಯಾಕೆ ಬೇಕು?

ಮೊಬೈಲ್ ಖಂಡಿತ ಬೇಕು. ಅದರ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಕನ್ನಡ ಓದುತ್ತದೆ, ಕಂಪ್ಯೂಟರಿಗೆ ಅದೇ ಕೆಲಸ ಮಾಡುವ ಎನ್‌ವಿಡಿಎ ಉಚಿತ, 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯದಿಂದ ಪುಸ್ತಕ ಇಳಿಸಿಕೊಳ್ಳಬಹುದು. ಆದರೆ ಬರೀ ಕೇಳಿ ಕಲಿತ ಮಗುವಿಗೆ ಒಂದು ಪದ ಹೇಗೆ ಬರೆಯುತ್ತಾರೆ, ಎಲ್ಲಿ ಒತ್ತು, ಎಲ್ಲಿ ದೀರ್ಘ ಅಂತ ತಿಳಿಯುವುದೇ ಇಲ್ಲ. ಗಣಿತವಂತೂ ಕೇಳಿ ಮಾಡುವುದಲ್ಲ.

ಕನ್ನಡ ಬ್ರೈಲ್ ಅಂದುಕೊಂಡಷ್ಟು ಕಷ್ಟ ಇಲ್ಲ. ಒಂದು ಮನೆಯಲ್ಲಿ ಆರು ಚುಕ್ಕಿ, ಎಡಕ್ಕೆ ಮೇಲಿಂದ ಕೆಳಗೆ 1, 2, 3, ಬಲಕ್ಕೆ 4, 5, 6. 'ಅ' ಅಂದರೆ ಒಂದೇ ಚುಕ್ಕಿ, 1. 'ಕ' ಅಂದರೆ 1, 3. 'ಮ' 1, 3, 4. 'ಲ' 1, 2, 3. 'ಕಮಲ' ಮೂರೇ ಮನೆಯಲ್ಲಿ ಮುಗಿಯಿತು. ಒತ್ತಕ್ಷರ ಕೆಳಗೆ ನೇತಾಡುವುದಿಲ್ಲ, ಎಲ್ಲ ಒಂದೇ ಸಾಲಿನಲ್ಲಿ: 'ಅಮ್ಮ' ಬರೆಯಲು 'ಅ', ಆಮೇಲೆ ಅರ್ಧಾಕ್ಷರ ಬರುತ್ತದೆ ಅಂತ ಹೇಳುವ 4ನೇ ಚುಕ್ಕಿ, ಆಮೇಲೆ 'ಮ', 'ಮ'. ಸ್ಲೇಟಿನಲ್ಲಿ ದಪ್ಪ ಹಾಳೆ ಸಿಕ್ಕಿಸಿ ಮೊನೆಯಿಂದ ಚುಚ್ಚುವಾಗ ಬಲದಿಂದ ಎಡಕ್ಕೆ ಬರೆಯಬೇಕು, ಹಾಳೆ ತಿರುಗಿಸಿದರೆ ಉಬ್ಬಿದ ಚುಕ್ಕಿಗಳು ಎಡದಿಂದ ಬಲಕ್ಕೆ ಓದಲು ಸಿಗುತ್ತವೆ. ಕಣ್ಣು ಕಾಣುವ ನಮಗೆ ಈ ತಿರುಗುಮುರುಗು ತಲೆ ಕೆಡಿಸುತ್ತದೆ, ಮಕ್ಕಳು ಗೊಣಗದೆ ಕಲಿಯುತ್ತಾರೆ.

ಅಕ್ಷರಕ್ಕೆ ಮುಂಚೆ ಬೆರಳು ಹದಕ್ಕೆ ಬರಬೇಕು. ಅದಕ್ಕೆ ಯಾವ ಕಿಟ್ಟೂ ಕಾಯಬೇಕಿಲ್ಲ. ರಾಗಿ, ಹುರುಳಿ, ತೊಗರಿ, ಅವರೆಕಾಳು ಬೆರೆಸಿ ಕೊಟ್ಟು ಬೇರೆ ಮಾಡಿಸಿ. ಅಟ್ಟದ ಮೇಲಿರುವ ಅಳಗುಳಿ ಮಣೆ ಇಳಿಸಿ, ಬೀಜ ಹಂಚುತ್ತಾ ಎಣಿಕೆಯೂ ಬರುತ್ತದೆ, ಎಡ ಬಲವೂ ಬರುತ್ತದೆ. ಲೆಕ್ಕಕ್ಕೆ ಆಮೇಲೆ ಮಣಿಗಳ ಅಬಾಕಸ್, ಕುಳಿಗಳಲ್ಲಿ ಮೊಳೆ ಸಿಕ್ಕಿಸಿ ಲೆಕ್ಕ ಮಾಡುವ ಟೇಲರ್ ಫ್ರೇಮ್.

ನಮ್ಮೂರ ಶಾಲೆಗೆ ಸೇರಿಸೋದಾ, ವಿಶೇಷ ಶಾಲೆಗೆ ಹಾಕೋದಾ?

ಆಯ್ಕೆ ನಿಮ್ಮದು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಪ್ರಕಾರ ಶೇ 40ಕ್ಕಿಂತ ಕಮ್ಮಿ ಇಲ್ಲದ ನ್ಯೂನತೆ ಇರುವ ಮಗು 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದಬಹುದು. ನನ್ನನ್ನು ಕೇಳಿದರೆ ಮಂದದೃಷ್ಟಿಯ ಮಗು, ಮಷೀನಿನಿಂದ ಚೆನ್ನಾಗಿ ಕೇಳಿಸುವ ಮಗು ಊರ ಶಾಲೆಯಲ್ಲೇ ಇರಲಿ. ಪೂರ್ತಿ ಕಿವುಡಾಗಿದ್ದು ಊರಲ್ಲಿ ಸನ್ನೆ ಬಲ್ಲವರು ಒಬ್ಬರೂ ಇಲ್ಲದಿದ್ದರೆ, ತನ್ನಂಥ ಮಕ್ಕಳಿರುವ ಶಾಲೆಯಲ್ಲಿ ಅದು ಅರಳುತ್ತದೆ. ಬ್ರೈಲ್ ಕಲಿಯಬೇಕಾದ ಮಗುವೂ ಮೊದಲ ಕೆಲವು ವರ್ಷ ಬಲ್ಲವರ ಹತ್ತಿರ ಇದ್ದು, ಆಮೇಲೆ ಹೈಸ್ಕೂಲಿಗೆ ಊರಿಗೆ ಬರಬಹುದು. ಹಾಸ್ಟೆಲಿಗೆ ಹಾಕುವ ಮುಂಚೆ ನೀವೇ ಹೋಗಿ ಊಟ, ಬಚ್ಚಲು, ರಾತ್ರಿ ಯಾರು ಇರುತ್ತಾರೆ ಅಂತೆಲ್ಲ ನೋಡಿ ಬನ್ನಿ.

'ನಮ್ಮಲ್ಲಿ ಇಂಥ ಮಕ್ಕಳಿಗೆ ಟೀಚರ್ ಇಲ್ಲ' ಅಂತ ಶಾಲೆಯವರು ಸೇರಿಸ್ಕೊಳ್ತಿಲ್ಲ.

ಹಾಗೆ ಹೇಳುವ ಹಾಗಿಲ್ಲ. ಬಾಯಿಮಾತಿಗೆ ವಾಪಸ್ ಬರದೆ, ಬರೆದುಕೊಡಿ ಅನ್ನಿ. ಅರ್ಧ ಜಾಗದಲ್ಲಿ ಅಲ್ಲಿಗೇ ದಾಖಲಾತಿ ಆಗುತ್ತದೆ. ಇಲ್ಲದಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ. ಬ್ಲಾಕಿನ ಬಿಆರ್‌ಸಿಯಲ್ಲಿ (ಸಂಪನ್ಮೂಲ ಕೇಂದ್ರದಲ್ಲಿ) ಇಂಥ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರನ್ನು ಹುಡುಕಿ. ಒಬ್ಬೊಬ್ಬರ ತಲೆ ಮೇಲೆ ಇಡೀ ತಾಲ್ಲೂಕಿನ ಶಾಲೆಗಳಿರುತ್ತವೆ, ವಾರ ವಾರ ಬರಲಾರರು, ಆದರೆ ಕ್ಲಾಸ್ ಟೀಚರಿಗೆ ದಾರಿ ತೋರಿಸುತ್ತಾರೆ. ತುಮಕೂರು ಜಿಲ್ಲೆಯವರಿಗೆ ಒಂದು ಮಾತು: ಪಾವಗಡ, ಶಿರಾ, ಕೊರಟಗೆರೆ, ಮಧುಗಿರಿಯವರ ಡಿಡಿಪಿಐ (ಶಿಕ್ಷಣ ಇಲಾಖೆ ಉಪನಿರ್ದೇಶಕರ) ಕಚೇರಿ ಮಧುಗಿರಿಯಲ್ಲಿದೆ, ಸುಮ್ನೆ ತುಮಕೂರಿಗೆ ಅಲೆಯಬೇಡಿ.

ಒಂದು ಕಣ್ಣು ಮಾತ್ರ ಕಾಣಲ್ಲ. ಸರ್ಟಿಫಿಕೇಟ್ ಸಿಗುತ್ತಾ?

ಇನ್ನೊಂದು ಕಣ್ಣು ಪೂರ್ತಿ ಸರಿ ಇದ್ದರೆ ಲೆಕ್ಕ ಶೇ 30ಕ್ಕೆ ನಿಲ್ಲುತ್ತದೆ. ಸವಲತ್ತಿಗೆ 40 ಬೇಕು. ಒಂದೇ ಕಿವಿ ಹೋಗಿದ್ದರೂ 40 ಮುಟ್ಟುವುದಿಲ್ಲ. ಕ್ಲಾಸಿನಲ್ಲಿ ಸರಿ ಇರುವ ಕಿವಿ ಟೀಚರ ಕಡೆಗಿರುವ ಹಾಗೆ ಕೂರಿಸಲು ಸರ್ಟಿಫಿಕೇಟ್ ಬೇಕಿಲ್ಲ.

ಎರಡೂ ಕಡೆ ತೊಂದರೆ ಇದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯೂ ಅಂತ ಕರೆಯುತ್ತಾರೆ. ಅರ್ಜಿ, ಬಸ್ ಪಾಸ್, ಮಾಸಾಶನ ಎಲ್ಲಕ್ಕೂ ಅವರನ್ನೇ ಹಿಡಿಯಿರಿ. ಪಂಚಾಯಿತಿ ದುಡ್ಡಿನಲ್ಲಿ ಶೇ 5 ಅಂಗವಿಕಲರಿಗೆ ಮೀಸಲು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಮೊದಲ ಮಗು ಹೀಗಿದೆ. ಎರಡನೇದೂ ಹೀಗೇ ಆಗುತ್ತಾ?

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆ ಆಗಿದ್ದರೆ ಸಾಧ್ಯತೆ ಜಾಸ್ತಿ, ಆಗೇ ಆಗುತ್ತದೆ ಅಂತಲ್ಲ. ಗರ್ಭಿಣಿ ಆಗುವ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ಹುಟ್ಟಿದ ತಕ್ಷಣ ಆ ಮಗುವಿನ ಕಿವಿ, ಕಣ್ಣು ಪರೀಕ್ಷೆ ಆಗಲಿ. ಗರ್ಭಿಣಿಗೆ ರುಬೆಲ್ಲಾ ಬಂದರೂ ಮಗುವಿನ ಕಿವಿ ಕಣ್ಣು ಎರಡೂ ಹೋಗಬಹುದು. ನಮ್ಮ ರಾಜ್ಯದಲ್ಲಿ 2017ರಿಂದ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಕೊಡುತ್ತಿದ್ದಾರೆ, ತಪ್ಪಿಸಬೇಡಿ. ಸೊಸೆಯನ್ನು ದೂರಿ ಪ್ರಯೋಜನ ಇಲ್ಲ, ಇಂಥವು ಎಷ್ಟೋ ಸಲ ಎರಡೂ ಕಡೆಯಿಂದ ಬರುತ್ತವೆ.

ಎಸ್ಸೆಸ್ಸೆಲ್ಸಿ ಹೇಗೆ ಬರೆಯೋದು?

ಹೆಚ್ಚು ಸಮಯ, ಬರೆಯುವವರ ಸಹಾಯ, ಎರಡನೇ ಮೂರನೇ ಭಾಷೆಯ ವಿನಾಯಿತಿ ಇವೆಲ್ಲ ಕಾಯ್ದೆಯಲ್ಲೇ ಇವೆ. ಆದರೆ ತಾನಾಗೇ ಬರುವುದಿಲ್ಲ, ಹೆಸರು ನೋಂದಾಯಿಸುವಾಗಲೇ ಎಚ್.ಎಂ. ಮೂಲಕ ಅರ್ಜಿ ಹೋಗಬೇಕು. ಜೆರಾಕ್ಸ್ ಪ್ರತಿ ಒಂದು ನಿಮ್ಮ ಹತ್ತಿರ ಇರಲಿ. ಭಾಷೆ ಬಿಡಿಸುವ ಮುಂಚೆ ಮಾತ್ರ ಯೋಚಿಸಿ. ಮುಂದೆ ಮಗು ಪಿಯುಸಿಯಲ್ಲಿ ಏನು ಓದಬೇಕು ಅಂತಿದೆ ಅನ್ನುವುದರ ಮೇಲೆ ಅದು ನಿಂತಿದೆ.

ಬರೆಯುವವರನ್ನು ಪರೀಕ್ಷೆ ದಿನ ಮೊದಲ ಸಲ ಭೇಟಿ ಮಾಡುವ ಹಾಗಾಗಬಾರದು. ಉತ್ತರ ಬಾಯಲ್ಲಿ ಹೇಳಿ ಬರೆಸುವುದು ಬೇರೆಯೇ ವಿದ್ಯೆ: ಎಲ್ಲಿ ಪೂರ್ಣವಿರಾಮ, ಯಾವ ಪದಕ್ಕೆ ಯಾವ ಒತ್ತು, ಲೆಕ್ಕದ ಯಾವ ಹಂತ ಹೊಸ ಸಾಲಿಗೆ, ಚಿತ್ರದ ಬದಲು ಏನು ಅಂತ ಹೇಳಬೇಕು. ಒಂಬತ್ತನೇ ಕ್ಲಾಸಿನ ಕಿರುಪರೀಕ್ಷೆಗಳಿಂದಲೇ ಹೀಗೆ ಬರೆಸುತ್ತಾ ಬನ್ನಿ.